ಕೊನೆಯ ಕಂತಿನಿಂದ ಹಿಂದಕ್ಕೆ: ಹದಿಹರೆಯದ ಸರಣಿಗಳನ್ನು ನಾನು ತೂಗುವ ಬಗೆ

ಹದಿಹರೆಯದವರ ಬದುಕನ್ನು ಪ್ರೌಢವಾಗಿ ತೋರಿಸುವ ಸರಣಿಯೊಂದು ಹನ್ನೆರಡು, ಹದಿಮೂರರ ಮಕ್ಕಳಿಗೆ ಹೊಂದುತ್ತದೆಯೇ ಎಂದು ತೀರ್ಮಾನಿಸಬೇಕಾದರೆ ಅದರ ಕೊನೆಯ ಕಂತನ್ನು ಮೊದಲು ನೋಡಬೇಕು ಎಂದು ನಾನು ಹೇಳಿದಾಗ, ನನ್ನ ಹಾಗೆಯೇ ಮಕ್ಕಳ ವೀಕ್ಷಣಾ ಕೂಟ ನಡೆಸುವ ಇಬ್ಬರು ನಕ್ಕಿದ್ದರು. ಕಥೆಯ ಗುಟ್ಟು ರಟ್ಟಾದ ಮೇಲೆ ನೋಡಲು ಏನು ಉಳಿಯುತ್ತದೆ ಎಂಬುದು ಒಬ್ಬರ ಆಕ್ಷೇಪ. ರೇಟಿಂಗ್ ಕೊಟ್ಟವರಿಗಿಂತ ನೀವು ಬಲ್ಲವರೇ ಎಂಬುದು ಇನ್ನೊಬ್ಬರದು. ಅದಾಗಿ ಹೆಚ್ಚುಕಡಿಮೆ ಮೂರು ವರ್ಷಗಳಾದವು. ನಲವತ್ತರ ಆಸುಪಾಸು ಸರಣಿಗಳನ್ನು ಇದೇ ಕ್ರಮದಲ್ಲಿ ತೂಗಿದ್ದೇನೆ; ತೀರ್ಪು ತಪ್ಪಿದ್ದು ಮೂರೋ ನಾಲ್ಕೋ ಬಾರಿ. ನಕ್ಕವರಲ್ಲಿ ಒಬ್ಬರು ಈಗ ತಿಂಗಳಿಗೊಮ್ಮೆ ನನ್ನ ಟಿಪ್ಪಣಿ ಪುಸ್ತಕವನ್ನು ಎರವಲು ಕೇಳುತ್ತಾರೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಅಮೆರಿಕದ ಟಿವಿ-14 (ಹದಿನಾಲ್ಕರ ಕೆಳಗಿನವರಿಗೆ ಹೊಂದದಿರಬಹುದು) ಮತ್ತು ಟಿವಿ-ಎಂಎ (ವಯಸ್ಕರಿಗೆಂದು ಮಾಡಿದ್ದು), ಬ್ರಿಟನ್ನಿನ 12, 15, 18, ಭಾರತದಲ್ಲಿ 2021ರ ನಿಯಮಗಳು ತಂದ ಯು/ಎ 13+ ಮತ್ತು 16+ ಎಂಬ ದರ್ಜೆಗಳನ್ನು ಓದಬಲ್ಲವರಿಗಾಗಿಯೇ ಇದನ್ನು ಬರೆಯುತ್ತಿರುವುದರಿಂದ ಅವುಗಳ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ. ಮೊದಲ ವರ್ಷ ನಾನೂ ಅವುಗಳನ್ನೇ ನಂಬಿದ್ದೆ. ಅಮೆರಿಕದ ಪದ್ಧತಿಯಲ್ಲಿ 1997ರಿಂದ ದರ್ಜೆಯ ಪಕ್ಕದಲ್ಲಿ ಡಿ, ಎಲ್, ಎಸ್, ವಿ ಎಂಬ ಅಕ್ಷರಗಳು ಬರುತ್ತವೆ: ದ್ವಂದ್ವಾರ್ಥದ ಮಾತು, ಒರಟು ಭಾಷೆ, ಲೈಂಗಿಕ ಸನ್ನಿವೇಶ, ಹಿಂಸೆ. ಒರಟು ಭಾಷೆಯ ಒಂದೇ ಅಕ್ಷರವಿದ್ದ ಟಿವಿ-14 ಸರಣಿಯೊಂದನ್ನು ನಿಶ್ಚಿಂತೆಯಿಂದ ಒಪ್ಪಿ ತೋರಿಸಿದೆ. ಹದಿಮೂರರ ಹುಡುಗಿಯೊಬ್ಬಳು ಅದರ ನಂತರ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ ಎಂದು ಅವಳ ತಾಯಿ ಬಂದು ಹೇಳಿದರು. ಅವಳನ್ನು ಕಾಡಿದ್ದು ಬೈಗುಳವಲ್ಲ. ಗೆಳತಿಯರೆಲ್ಲ ಸೇರಿ ಒಬ್ಬಳೊಂದಿಗೆ ಮಾತು ಬಿಡುವ, ಯಾಕೆ ಬಿಟ್ಟರೆಂದು ಕೊನೆಯವರೆಗೂ ಯಾರೂ ಹೇಳದ ಒಂದು ಕಂತು. ಆ ನಾಲ್ಕು ಅಕ್ಷರಗಳಲ್ಲಿ ಒಂಟಿತನಕ್ಕೆ ಜಾಗವಿಲ್ಲ.

ರೇಟಿಂಗ್ ಬಿಟ್ಟು ಎಣಿಕೆಗೆ ಇಳಿದೆ. ಬೈಗುಳ ಎಷ್ಟು, ಹೊಡೆದಾಟ ಎಷ್ಟು, ಕುಡಿತ ಎಷ್ಟು ಎಂದು ಕಾಲಂ ಹಾಕಿ, ಕಂತಿಗೆ ಇಷ್ಟು ಎಂದು ಸರಾಸರಿ ತೆಗೆದು, ಹನ್ನೊಂದು ಸರಣಿಗಳನ್ನು ಸಾಲಾಗಿ ನಿಲ್ಲಿಸಿದೆ. ನಾಲ್ಕು ತಿಂಗಳ ಆ ದುಡಿಮೆಯ ಫಲವೇನೆಂದರೆ, ಬಾಯಿ ಒರಟಾದರೂ ಒಬ್ಬರನ್ನೊಬ್ಬರು ಕೈಬಿಡದ ಮಕ್ಕಳ ಕಥೆಯೊಂದು ಪಟ್ಟಿಯ ತಳಕ್ಕೆ ಬಿತ್ತು; ಒಂದೇ ಒಂದು ಕೆಟ್ಟ ಮಾತಿಲ್ಲದೆ, ಹಸಿದು ಸಣ್ಣಗಾಗುವುದೇ ಸೌಂದರ್ಯವೆಂದು ಪ್ರತಿ ಕಂತಿನಲ್ಲೂ ಸದ್ದಿಲ್ಲದೆ ಸಾರುವ ಸರಣಿ ಮೊದಲ ಸ್ಥಾನಕ್ಕೇರಿತು. ಆ ಪಟ್ಟಿಯನ್ನು ಪೋಷಕರಿಗೆ ಹಂಚುವ ಮುನ್ನ ಹರಿದು ಹಾಕಿದ್ದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಹಣದ ಮಾತಿಗೆ ಬಂದರೆ, ಆ ವರ್ಷ ಮೂರು ಸ್ಟ್ರೀಮಿಂಗ್ ವೇದಿಕೆಗಳಿಗೆ ಒಟ್ಟಿಗೆ ಚಂದಾ ಕಟ್ಟುತ್ತಿದ್ದೆ. ಸುಮಾರು ಎಂಟು ತಿಂಗಳಲ್ಲಿ ಅದಕ್ಕೆ ಹೋದದ್ದು ನನ್ನ ಒಂದು ತಿಂಗಳ ಸಂಬಳದ ಆರನೇ ಒಂದು ಪಾಲು ಇರಬಹುದು. ಅದರಲ್ಲಿ ಅರ್ಧದಷ್ಟು ದಿನ ಎರಡು ವೇದಿಕೆಗಳನ್ನು ತೆರೆದೇ ಇರಲಿಲ್ಲ. ದುಡ್ಡು ವ್ಯರ್ಥವಾಗಬಾರದೆಂಬ ಆತುರದಲ್ಲಿ ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡತೊಡಗಿದೆ. ಇದು ದುಡ್ಡು ಕಳೆದುಕೊಂಡದ್ದಕ್ಕಿಂತ ದೊಡ್ಡ ತಪ್ಪು. ಇಂಥ ಸರಣಿಗಳಲ್ಲಿ ಮಗುವಿನ ಎದೆಗೆ ನಾಟುವುದು ನಡೆದ ಘಟನೆಗಿಂತ ಹೆಚ್ಚಾಗಿ ದೃಶ್ಯದ ಉದ್ದ, ಬಾಗಿಲ ಹೊರಗೆ ನಿಂತವರ ಮೌನ, ಕ್ಯಾಮೆರಾ ಬೇರೆಡೆ ತಿರುಗದೆ ಇರುವ ಹಟ. ವೇಗ ಹೆಚ್ಚಿಸಿದೊಡನೆ ಇವೆಲ್ಲ ಮಾಯವಾಗುತ್ತವೆ, ಉಳಿಯುವುದು ಕಥೆಯ ಸಾರಾಂಶ ಮಾತ್ರ. ಹಾಗೆ ನೋಡಿ ‘ಪರವಾಗಿಲ್ಲ’ ಎಂದು ಬರೆದಿದ್ದ ಐದು ಸರಣಿಗಳಲ್ಲಿ ಎರಡನ್ನು, ಸಹಜ ವೇಗದಲ್ಲಿ ಮತ್ತೆ ನೋಡಿದ ಮೇಲೆ, ನಾಚಿಕೆಪಟ್ಟು ಹಿಂತೆಗೆದುಕೊಂಡೆ. ಈಗ ಒಂದು ಸಲಕ್ಕೆ ಒಂದೇ ವೇದಿಕೆ, ಎರಡು ತಿಂಗಳು, ಆಮೇಲೆ ರದ್ದು ಮಾಡಿ ಇನ್ನೊಂದು. ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ.

ಕೆಟ್ಟ ದೃಶ್ಯ ಬಂದಾಗ ಮುಂದಕ್ಕೆ ಓಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಓಡಿಸಿ ನೋಡಿದ್ದೇನೆ. ನಾನು ಯಾವ ನಿಮಿಷದಿಂದ ಯಾವ ನಿಮಿಷಕ್ಕೆ ಹಾರಿದೆನೆಂದು ಹದಿನಾಲ್ಕರ ಹುಡುಗನೊಬ್ಬ ಮನಸ್ಸಿನಲ್ಲೇ ಗುರುತು ಮಾಡಿಕೊಂಡು, ಮನೆಗೆ ಹೋಗಿ ಆ ಮೂರು ನಿಮಿಷಗಳನ್ನಷ್ಟೇ ನೋಡಿದ. ಹಿಂದುಮುಂದಿನ ಕಥೆಯಿಲ್ಲದೆ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದೆ. ಇನ್ನು 2025ರ ಮಾರ್ಚ್‌ನಲ್ಲಿ ಬಂದ ಬ್ರಿಟನ್ನಿನ ‘ಅಡಾಲಸೆನ್ಸ್’ನಂಥ ಕೃತಿಯಲ್ಲಿ ಓಡಿಸುವುದಾದರೂ ಎಲ್ಲಿಗೆ? ಅದರ ನಾಲ್ಕು ಕಂತುಗಳೂ ತಲಾ ಎಲ್ಲೂ ಕತ್ತರಿಸದ ಒಂದೇ ಶಾಟ್‌ನಲ್ಲಿ ಚಿತ್ರಿತವಾಗಿವೆ. ಹದಿಮೂರರ ಹುಡುಗನೊಬ್ಬನ ಮೇಲೆ ಕೊಲೆಯ ಆರೋಪ ಬರುವ ಆ ಕಥೆಯನ್ನು ಅಲ್ಲಿನ ಪ್ರೌಢಶಾಲೆಗಳಲ್ಲಿ ಉಚಿತವಾಗಿ ತೋರಿಸಲು ವ್ಯವಸ್ಥೆಯಾಯಿತು. ಶಾಲೆಯಲ್ಲಿ ತೋರಿಸುವುದೆಂದರೆ ದೊಡ್ಡವರೊಬ್ಬರು ಕೋಣೆಯಲ್ಲಿದ್ದಾರೆ ಎಂದರ್ಥ, ಅದೇ ದೊಡ್ಡ ವ್ಯತ್ಯಾಸ.

ಕೊನೆಯ ಕಂತಿನ ಉಪಾಯ ಹೊಳೆದದ್ದು ಅಮೆರಿಕದ ‘ಥರ್ಟೀನ್ ರೀಸನ್ಸ್ ವೈ’ ಸರಣಿಯಿಂದ. 2017ರ ಮಾರ್ಚ್ 31ರಂದು ಬಿಡುಗಡೆಯಾದ ಅದರ ಮೊದಲ ಸೀಸನ್ನಿನಲ್ಲಿ ಹದಿಮೂರು ಕಂತುಗಳು. ಮೊದಲ ಎರಡನ್ನು ನೋಡಿದವರು ಅದನ್ನೊಂದು ಶಾಲೆಯ ರಹಸ್ಯಕಥೆ ಎಂದುಕೊಳ್ಳುವುದು ಸಹಜ. ನಾನೂ ಹಾಗೆಯೇ ಅಂದುಕೊಂಡಿದ್ದೆ. ನಾಯಕಿ ಕಡೆಯದಾಗಿ ನೆರವು ಕೇಳಿ ಹೋಗುವ ಶಾಲೆಯ ಆಪ್ತಸಮಾಲೋಚಕ ಅವಳನ್ನು ಉಳಿಸಿಕೊಳ್ಳದೆ ಹೋಗುವುದು ಹದಿಮೂರನೆಯ ಕಂತಿನಲ್ಲಿ. ಅವಳ ಆತ್ಮಹತ್ಯೆಯನ್ನು ವಿವರವಾಗಿ ತೋರಿಸಿದ್ದೂ ಅದೇ ಕಂತಿನಲ್ಲಿ. ಆ ದೃಶ್ಯವನ್ನು 2019ರ ಜುಲೈನಲ್ಲಿ, ಅಂದರೆ ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ, ವೈದ್ಯಕೀಯ ತಜ್ಞರ ಸಲಹೆಯಂತೆ ತೆಗೆದುಹಾಕಲಾಯಿತು. ಹನ್ನೆರಡು ಕಂತುಗಳನ್ನು ಶ್ರದ್ಧೆಯಿಂದ ನೋಡಿ ಒಪ್ಪಿಗೆ ಕೊಟ್ಟವನೂ ಇಲ್ಲಿ ಮೋಸಹೋಗುತ್ತಿದ್ದ. ಅಂದಿನಿಂದ ಪ್ರತಿ ಟಿಪ್ಪಣಿಯ ಮೇಲೂ ನೋಡಿದ ದಿನಾಂಕ ಬರೆಯುತ್ತೇನೆ, ಏಕೆಂದರೆ ನೀವು ಇಂದು ನೋಡುವ ಕಂತು ಅಂದು ಬಂದ ಕಂತೇ ಆಗಿರಬೇಕಾಗಿಲ್ಲ.

ಈಗ ನನ್ನ ಕ್ರಮ ಹೀಗಿದೆ. ಸೀಸನ್ನಿನ ಕೊನೆಯ ಎರಡು ಕಂತು, ನಂತರ ಮೊದಲನೆಯದು, ಆಮೇಲೆ ನಡುವಿನಿಂದ ಎರಡು. ನಡುವಿನದನ್ನು ಆರಿಸಲು ಶ್ರವಣದೋಷವುಳ್ಳವರಿಗಾಗಿ ಕೊಡುವ ಸಬ್‌ಟೈಟಲ್ ತುಂಬಾ ಉಪಯುಕ್ತ. ಬಿಕ್ಕಿ ಅಳುವ ದನಿ, ಏದುಸಿರು, ಗಾಜು ಒಡೆದ ಸದ್ದು ಎಂದೆಲ್ಲ ಅದರಲ್ಲಿ ಬರೆದಿರುವುದರಿಂದ ಕಂತುಗಳ ಮೇಲೆ ಬೇಗ ಕಣ್ಣಾಡಿಸಿದರೂ ಭಾರ ಎಲ್ಲಿದೆಯೆಂದು ತಿಳಿಯುತ್ತದೆ. ಆ ಸೂಚನೆಗಳಲ್ಲಿ ಯಾವ ಪದ ಪದೇ ಪದೇ ಬಂದರೆ ನಾನು ಎಚ್ಚರಗೊಳ್ಳುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ಒಂದು ವರ್ಷ ಹಿಡಿದಿದೆ.

ನೋಡುವಾಗ ಮೂರು ಪ್ರಶ್ನೆಗಳು ಸಾಕು. ತಪ್ಪಿನ ಫಲವನ್ನು ಅನುಭವಿಸುವುದನ್ನು ತೆರೆಯ ಮೇಲೆ ತೋರಿಸುತ್ತಾರೆಯೇ, ಇಲ್ಲವೇ ಮುಂದಿನ ಕಂತಿನ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆಯೇ? ಅಪಾಯದ ಕೆಲಸವನ್ನು ‘ಹೀಗೆ ಮಾಡುವುದು’ ಎಂದು ಕಲಿಸುವಷ್ಟು ಹತ್ತಿರದಿಂದ ತೋರಿಸುತ್ತಾರೆಯೇ? ನೆರವು ಕೇಳಿದ ಪಾತ್ರಕ್ಕೆ ಒಬ್ಬರಿಂದಲಾದರೂ ನೆರವು ಸಿಗುತ್ತದೆಯೇ? ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಕೇಳಿದರೂ ಯಾರೂ ಬರುವುದಿಲ್ಲ ಎಂದು ಸೀಸನ್ ಮುಗಿದರೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಹದಿನಾಲ್ಕರ ಕೆಳಗಿನವರಿಗೆ ಅದನ್ನು ಒಂಟಿಯಾಗಿ ನೋಡಲು ಬಿಡುವುದಿಲ್ಲ. ನೋಡಿ ಎರಡು ದಿನ ಏನೂ ಬರೆಯದೆ ಬಿಡುತ್ತೇನೆ. ಮೂರನೆಯ ದಿನ ತಾನಾಗಿ ನೆನಪಿಗೆ ಬರುವ ದೃಶ್ಯ ಯಾವುದೋ, ಮಕ್ಕಳ ಜೊತೆ ಮೊದಲು ಮಾತಾಡಬೇಕಾದ್ದು ಅದೇ.

ತೀರ್ಪಿನಲ್ಲಿ ವಯಸ್ಸು ಬರೆಯುವುದನ್ನೂ ನಿಲ್ಲಿಸಿದ್ದೇನೆ. ‘ಒಬ್ಬರೇ ನೋಡಬಹುದು’, ‘ಜೊತೆಗೆ ಕೂತು’, ‘ಈಗಲ್ಲ’ ಎಂದಷ್ಟೇ ಬರೆದು, ಪಕ್ಕದಲ್ಲಿ ಯಾವ ಮಗುವಿಗೆ ಎಂದು ಗುರುತಿಸುತ್ತೇನೆ. ಇದು ಸಡಿಲವಾಯಿತು ಎಂದು ಟೀಕಿಸಿದವರಿಗೆ ನ್ಯೂಜಿಲೆಂಡ್‌ನ ಉದಾಹರಣೆ ಕೊಟ್ಟೆ. ಮೇಲೆ ಹೇಳಿದ ‘ಥರ್ಟೀನ್ ರೀಸನ್ಸ್ ವೈ’ ಸರಣಿಗೆಂದೇ ಅಲ್ಲಿನ ವರ್ಗೀಕರಣ ಕಚೇರಿ 2017ರಲ್ಲಿ ಆರ್‌ಪಿ18 ಎಂಬ ಹೊಸ ದರ್ಜೆಯನ್ನು ಮಾಡಿತು; ಹದಿನೆಂಟರ ಒಳಗಿನವರು ಪೋಷಕರ ಜೊತೆಯಲ್ಲಿ ಮಾತ್ರ ನೋಡಬೇಕು ಎಂಬುದು ಅದರ ಅರ್ಥ. ಯಾವ ವಯಸ್ಸಿಗೆ ಎಂಬ ಪ್ರಶ್ನೆಯ ಜೊತೆಗೆ ಯಾರ ಜೊತೆಗೆ ಎಂಬುದನ್ನೂ ಸರ್ಕಾರಿ ಮುದ್ರೆಯಲ್ಲೇ ಹಾಕಬಹುದಾದರೆ ನನ್ನ ಪುಸ್ತಕದಲ್ಲಿ ಹಾಕಬಾರದೇಕೆ?

ನಡುವೆ ಒಂದು ವಿಚಿತ್ರ ಪ್ರಯೋಗವನ್ನೂ ಮಾಡಿದೆ. 2019ರ ಜೂನ್‌ನಲ್ಲಿ ಶುರುವಾದ ಅಮೆರಿಕದ ‘ಯುಫೋರಿಯಾ’ ಸರಣಿ ಟಿವಿ-ಎಂಎ ದರ್ಜೆಯದು. ನನ್ನ ಕೂಟಕ್ಕೆ ತರುವ ಮಾತೇ ಇರಲಿಲ್ಲ. ಆದರೂ ಮಕ್ಕಳು ಅದರ ನೇರಳೆ ಬೆಳಕನ್ನೂ ಕಣ್ಣಿನ ಮಿಂಚು ಬಣ್ಣವನ್ನೂ ಅನುಕರಿಸುತ್ತಿದ್ದುದರಿಂದ, ಟಿವಿಯ ಬಣ್ಣವನ್ನು ಸೊನ್ನೆಗೆ ಇಳಿಸಿ ಎರಡು ಕಂತು ಕಪ್ಪುಬಿಳುಪಿನಲ್ಲಿ ನೋಡಿದೆ. ಮಾದಕವಸ್ತುವಿನ ಕಥೆ ಬಣ್ಣವಿಲ್ಲದೆ ನೋಡಿದಾಗ ಬರೀ ದುಃಖದ ಕಥೆಯಾಯಿತು. ಆಕರ್ಷಣೆಯ ಎಷ್ಟು ಪಾಲು ಬಣ್ಣದ್ದು, ಎಷ್ಟು ಕಥೆಯದು ಎಂದು ತಿಳಿಯಲು ಇದು ಒಳ್ಳೆಯ ದಾರಿ. ಸದ್ದು ಮುಚ್ಚಿ ನೋಡುವ ಪ್ರಯೋಗದಿಂದ ಮಾತ್ರ ನನಗೆ ನಿದ್ದೆ ಬಂತು, ಬೇರೇನೂ ಬರಲಿಲ್ಲ. ಅದರಲ್ಲಿ ಹದಿನೇಳರ ಪಾತ್ರ ಮಾಡಿದ ನಟಿ ಜೆಂಡಾಯಾ ಅವರಿಗೆ ಆಗ ಇಪ್ಪತ್ತೆರಡು ಎಂದು ಕೂಟದಲ್ಲಿ ಹೇಳಿದ ದಿನ, ತನ್ನ ಮೈಕಟ್ಟಿನ ಬಗ್ಗೆ ಸದಾ ಕೊರಗುತ್ತಿದ್ದ ಹುಡುಗಿಯೊಬ್ಬಳು ‘ಹಾಗಾದರೆ ಅವರು ನಮ್ಮ ವಯಸ್ಸಿನವರೇ ಅಲ್ಲ’ ಎಂದಳು. ಈಗ ಯಾವ ಸರಣಿ ಶುರುಮಾಡಿದರೂ ನಟರ ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ.

ಕಂತು ಮುಗಿದ ಮೇಲೆ ಮಕ್ಕಳಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಅವು ಯಾವುವೆಂದು ಬರೆಯುವುದಿಲ್ಲ. ನನ್ನ ಕೂಟದ ಮಕ್ಕಳೂ ಇದನ್ನು ಓದುತ್ತಾರೆ, ಉತ್ತರ ಸಿದ್ಧಮಾಡಿಕೊಂಡು ಬಂದರೆ ಪ್ರಶ್ನೆ ಕೆಟ್ಟಂತೆ. ಮುಂದಿನ ಕಂತು ತಾನಾಗಿ ಓಡದಂತೆ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನಿಲ್ಲಿಸಿರಬೇಕು ಎಂಬುದನ್ನಷ್ಟೇ ಹೇಳಬಲ್ಲೆ, ಇಲ್ಲವಾದರೆ ಪ್ರಶ್ನೆ ಕೇಳಲು ಸಿಗುವುದು ಕೆಲವೇ ಸೆಕೆಂಡು.

ದೃಶ್ಯ ಓಡಿಸಿದ್ದನ್ನು ಹಿಡಿದ ಆ ಹುಡುಗನಿಗೆ ಕಳೆದ ವರ್ಷ ಒಂದು ಸರಣಿಯ ಮುಂದೆ ‘ಈಗಲ್ಲ’ ಎಂದು ಬರೆದಿದ್ದೆ. ಅವನು ಎರಡು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಹತ್ತು ತಿಂಗಳ ನಂತರ ಅದನ್ನೇ ‘ಜೊತೆಗೆ ಕೂತು’ ಎಂದು ತಿದ್ದಿ, ಒಂದು ಕಂತನ್ನೂ ಬಿಡದೆ, ಒಂದು ದೃಶ್ಯವನ್ನೂ ಓಡಿಸದೆ ಇಬ್ಬರೂ ನೋಡಿದೆವು. ನಾನು ಹೆದರಿದ್ದ ಏಳನೆಯ ಕಂತಿನಲ್ಲಿ ಅವನು ರಿಮೋಟ್ ತೆಗೆದುಕೊಂಡು ತಾನೇ ನಿಲ್ಲಿಸಿ, ನೀರು ಕುಡಿದು ಬರುತ್ತೇನೆ ಎಂದು ಎದ್ದುಹೋದ. ಹತ್ತು ನಿಮಿಷದ ಮೇಲೆ ಬಂದು ಕೂತು, ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಶುರುಮಾಡಿದ.