ಮುಂಬ್ರಾ ಗುಡ್ಡ, 41ನೇ ಸಲ

ರಿಟೈರ್ ಆದ್ಮೇಲೆ ಏನ್ ಮಾಡ್ತೀರಿ ಮೇಡಂ ಅಂತ ಬ್ಯಾಂಕಲ್ಲಿ ಎಲ್ರೂ ಕೇಳ್ತಿದ್ರು, ಚಿತ್ರ ಬಿಡಿಸ್ತೀನಿ ಅಂದ್ರೆ ಓಹ್ ರಂಗೋಲಿನಾ ಅಂತಿದ್ರು. ಅವರ ತಪ್ಪೇನಿಲ್ಲ ಬಿಡಿ, ದಸರಾಕ್ಕೆ ಕ್ಯಾಶ್ ಕೌಂಟರ್ ಮುಂದೆ ನಾನು ಹಾಕ್ತಿದ್ದ ರಂಗೋಲಿ ಬಿಟ್ರೆ ಬೇರೇನು ನೋಡಿದ್ರು ಅವ್ರು.

33 ವರ್ಷ ಡೊಂಬಿವಲಿಯಿಂದ ಮುಂಬೈನ ಫೋರ್ಟ್ ಏರಿಯಾಗೆ ಲೋಕಲ್ ರೈಲಲ್ಲಿ ಓಡಾಡಿದೀನಿ. ಲಂಚ್ ಟೈಮಲ್ಲಿ ಡಬ್ಬಿ ಬೇಗ ಮುಗಿಸಿ ಕಾಲಾಘೋಡಾಗೆ ನಡ್ಕೊಂಡು ಹೋಗಿ ಜಹಾಂಗೀರ್ ಆರ್ಟ್ ಗ್ಯಾಲರಿಲಿ ಒಂದು ಸುತ್ತು ಹಾಕಿ ಬರೋದು ನನ್ನ ಚಟ. 1952ರಿಂದ ಇದೆ ಅದು, ಟಿಕೆಟ್ ಇಲ್ಲ, ಯಾರೂ ಯಾಕ್ ಬಂದ್ರಿ ಅಂತ ಕೇಳಲ್ಲ. ನಮ್ಮ ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇದೇ ಮುಂಬೈಗೆ ಬಂದು ಜೆ. ಜೆ. ಸ್ಕೂಲ್ ಆಫ್ ಆರ್ಟಲ್ಲಿ ಕಲಿತು ಅಷ್ಟು ದೊಡ್ಡ ಕಲಾವಿದರಾದ್ರು ಅಂತ ಗೊತ್ತಾದಾಗ ಕುಂದಾಪುರದವಳಾದ ನನಗೆ ಒಳಗೊಳಗೇ ಜಂಬ, ಅವರು ನಮ್ಮ ಪಕ್ಕದ್ಮನೆಯವರೇನೋ ಅನ್ನೋ ಹಾಗೆ.

ಸರಿ, 60ಕ್ಕೆ ಶುರು ಮಾಡ್ದೆ. 24 ಟ್ಯೂಬಿನ ಜಲವರ್ಣದ ಸೆಟ್ಟು, ಮೊಮ್ಮಗಳ ಡ್ರಾಯಿಂಗ್ ಬುಕ್ಕು. ನೀರು ತಾಗಿದ್ದೇ ತಡ ಪೇಪರ್ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುರುಳಿ. ಒಂದು ಕ್ಲಾಸಿಗೂ ಸೇರಿದ್ದೆ, ಅಲ್ಲಿ ಎರಡು ತಿಂಗಳು ಮೊಬೈಲಲ್ಲಿರೋ ಸೂರ್ಯಾಸ್ತ ನೋಡ್ಕೊಂಡು ಕಾಪಿ ಮಾಡ್ಸಿದ್ರು, ಕೊನೆಗೆ ಮೇಷ್ಟ್ರೇ ಬ್ರಶ್ ಇಸ್ಕೊಂಡು ಚೆಂದ ಮಾಡಿ ಕೊಡೋರು. ಮನೆಗ್ ತಂದ್ರೆ ಎಲ್ರೂ ಹೊಗಳೋರು, ನನಗೆ ಮಾತ್ರ ಅದು ನನ್ನದಲ್ಲ ಅಂತ ಗೊತ್ತು. ಬಿಟ್ಟೆ. ಫೀಸ್ ವಾಪಸ್ ಬರಲಿಲ್ಲ, ಅದು ಬೇರೆ ಕಥೆ.

ಆಮೇಲೆ 300 ಜಿಎಸ್ಎಮ್ ಕಾಟನ್ ಪೇಪರ್ ತಗೊಂಡೆ, ಅಂದ್ರೆ ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪ ಪೇಪರ್. ಒಂದು ಶೀಟಿನ ರೇಟಿಗೆ ಎರಡು ಕಿಲೋ ತೊಗರಿಬೇಳೆ ಬರತ್ತಲ್ಲಾ ಅಂತ ಹೊಟ್ಟೆ ಉರೀತು, ಆದ್ರೆ 22 ಇಂಚು 30 ಇಂಚಿನ ಶೀಟು, ಕತ್ತರಿಸಿದ್ರೆ 8 ತುಂಡಾಗತ್ತೆ, ಎರಡೂ ಕಡೆ ಬಿಡಿಸ್ಬಹುದು. ಬಣ್ಣ 24 ಬೇಡ್ವೇ ಬೇಡ. ನಾನೀಗ ಬಳಸೋದು ಐದೇ, ಅದರಲ್ಲಿ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಸೇರಿಸಿದ್ರೆ ಥೇಟ್ ಜುಲೈ ಮೋಡದ ಬೂದು ಬಣ್ಣ ಬರತ್ತೆ ನೋಡಿ, ಅದೊಂದಕ್ಕೇ ನಾನು ಫಿದಾ.

ಅಸಲಿ ಕಷ್ಟ ಬಣ್ಣದ್ದಲ್ಲ, ನೀರಿಂದು. ಅರ್ಧ ಒಣಗಿರೋ ಕಡೆ ನೀರು ಜಾಸ್ತಿ ಇರೋ ಬ್ರಶ್ ತಾಗ್ಸಿದ್ರೆ ಆ ನೀರು ಬಣ್ಣನ ಅಂಚಿಗೆ ತಳ್ಕೊಂಡು ಹೋಗತ್ತೆ, ಆಕಾಶದ ಮಧ್ಯೆ ಹೂಕೋಸಿನ ಹಾಗೆ ಒಂದು ಕಲೆ ಅರಳತ್ತೆ. ಊರಲ್ಲಿ ಬೇಸಿಗೇಲಿ ಐದು ನಿಮಿಷಕ್ಕೆ ಒಣಗೋ ಪೇಪರ್ ಮುಂಬೈ ಮಳೆಗಾಲದಲ್ಲಿ ಅರ್ಧ ಗಂಟೆ ಆದ್ರೂ ಒಣಗಲ್ಲ, ಮೇಲ್ನೋಟಕ್ಕೆ ಒಣಗಿದ ಹಾಗೆ ನಾಟಕ ಮಾಡತ್ತೆ ಅಷ್ಟೆ. ನಾನು ಸಂಡಿಗೆ ನೋಡೋ ಹಾಗೆ ನೋಡ್ತೀನಿ, ಬೆರಳಿನ ಹಿಂಭಾಗ ತಾಗಿಸಿ, ತಣ್ಣಗಿದ್ರೆ ಒಳಗಿನ್ನೂ ಹಸಿ ಅಂತ ಅರ್ಥ, ಕುಕ್ಕರ್ ಇಟ್ಟು ಬರ್ತೀನಿ. ಹೇರ್ ಡ್ರೈಯರ್ ಹಿಡೀಬಹುದು, ಆದ್ರೆ ಹಸಿ ಜಾಸ್ತಿ ಇರುವಾಗ ಗಾಳಿಗೆ ಬಣ್ಣ ಓಡತ್ತೆ. ಇನ್ನೊಂದು, ಪೇಪರನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಕಪಾಟಲ್ಲಿಡಿ. ಒಂದು ಮಳೆಗಾಲ ಹಾಗೇ ಬಿಟ್ಟಿದ್ದೆ, ಅದಕ್ಕೆ ಬಳಿದಿರೋ ಅಂಟು ಹಾಳಾಗಿ ಒತ್ತುಕಾಗದದ ಹಾಗೆ ಬಣ್ಣ ಕುಡೀತಿತ್ತು.

ಏನು ಬಿಡಿಸೋದು ಅನ್ನೋದು ರೈಲಲ್ಲಿ ಸಿಕ್ತು. ಕೆಲಸದ ದಿನಗಳಲ್ಲಿ ಫಾಸ್ಟ್ ಲೋಕಲೇ, ಆಗ ಅದು ಪಾರ್ಸಿಕ್ ಸುರಂಗದೊಳಗೆ ನುಗ್ಗಿ ಹೋಗ್ತಿತ್ತು, ಹಾಗಾಗಿ ಸ್ಲೋ ಗಾಡಿ ಸುತ್ತು ಹಾಕ್ಕೊಂಡು ಹೋಗೋ ಮುಂಬ್ರಾ ಗುಡ್ಡ, ಆ ಕಡೆ ಖಾಡಿ ಅಂದ್ರೆ ಸಮುದ್ರದ ಹಿನ್ನೀರು, ಇದನ್ನೆಲ್ಲ ನಾನು ಸರಿಯಾಗಿ ನೋಡಿದ್ದೇ ರಿಟೈರ್ ಆದ್ಮೇಲೆ. ಮಧ್ಯಾಹ್ನದ ಖಾಲಿ ಗಾಡೀಲಿ ಲೇಡೀಸ್ ಡಬ್ಬಿಯಲ್ಲಿ ಕೂತು ಪೆನ್ಸಿಲಲ್ಲಿ ಗೀಚ್ತೀನಿ, ಮನೆಗ್ ಬಂದು ಬಣ್ಣ. ಜನರನ್ನೂ ಗೀಚ್ತೀನಿ, ಒಬ್ಬಾಕೆ ಇಣುಕಿ ನೋಡಿ "ಮಾಝಂ ನಾಕ್ ಎವಢಂ ಮೋಠಂ ಆಹೇ ಕಾ?" ಅಂದ್ಲು, ನನ್ನ ಮೂಗು ಅಷ್ಟು ದೊಡ್ಡದಾ ಅಂತ. ಸುಳ್ಳು ಹೇಳೋಕಾಗಲಿಲ್ಲ, ರಬ್ಬರ್ ತೆಗೆದೆ.

63ಕ್ಕೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿ ವಾರ ಕಳೆದ್ಮೇಲೆ ಹಳೇ ಫೈಲ್ ತೆಗೆದೆ ನೋಡಿ, ಅಯ್ಯೋ ದೇವ್ರೇ, ಮೋಡಗಳೆಲ್ಲ ನೀಲಿ ಜಾಸ್ತಿ ಹಾಕಿದ ಬಿಳಿ ಪಂಚೆ! ಪೊರೆ ಬಂದ ಕಣ್ಣು ಹಳದಿ ಗಾಜಿದ್ದ ಹಾಗೆ, ನೀಲಿನ ತಡೆಯತ್ತೆ, ನಾನು ಸಾಲ್ತಿಲ್ಲ ಅಂತ ಸುರೀತಾನೇ ಇದ್ದೆ. ಫ್ರಾನ್ಸಿನ ದೊಡ್ಡ ಚಿತ್ರಕಾರ ಮೋನೆಗೂ ಇದೇ ಪಾಡು, 1923ರಲ್ಲಿ ಆಪರೇಷನ್ ಮಾಡಿಸ್ಕೊಂಡ. ನಮ್ಮ ಮನೆಯವರಿಗೆ ಇದು ಹೇಳಿದ್ರೆ "ಹೋಲಿಕೆ ಕಣ್ಣಿನವರೆಗೆ ಮಾತ್ರ ಅಲ್ವಾ" ಅಂದ್ರು. 50 ದಾಟಿ ಬ್ರಶ್ ಹಿಡಿಯೋರು ಮೊದಲು ಕಣ್ಣು ತೋರಿಸ್ಕೊಳ್ಳಿ, ಆಮೇಲೆ ಟ್ಯೂಬ್ ಕೊಳ್ಳಿ.

ಕಳೆದ ವಾರ ಅದೇ ಗುಡ್ಡ 41ನೇ ಸಲ ಬಿಡಿಸ್ದೆ. ಮಳೆಗೆ ಬಂಡೆ ಮೇಲಿಂದ ಇಳಿಯೋ ಸಣ್ಣ ಝರಿಗಳಿಗೆ ಬಿಳಿ ಬಣ್ಣ ಹಾಕ್ಲಿಲ್ಲ, ಆ ಜಾಗ ಮುಟ್ಟದೆ ಪೇಪರ್ ಹಾಗೇ ಬಿಟ್ಟೆ, ಹಿಂದಿನ 40ರಲ್ಲೂ ಅಲ್ಲಿ ಕೈ ಆಡಿಸಿ ಕೆಡಿಸಿದ್ದೆ. ತಂಗಿಗೆ ವಾಟ್ಸಾಪ್ ಮಾಡಿದ್ರೆ "ಅಕ್ಕಾ, ಆಗುಂಬೆಗೆ ಯಾವಾಗ ಹೋಗಿದ್ದಿ?" ಅಂತ ಕೇಳ್ತಾಳೆ. ಮುಂಬ್ರಾ ಮಾರಾಯ್ತಿ ಅಂದ್ರೆ ನಂಬಲ್ಲ. 42ನೇದರಲ್ಲಿ ರೈಲಿನ ಕರೆಂಟ್ ಕಂಬ, ವೈರು ಎಲ್ಲಾ ಸೇರಿಸ್ತೀನಿ.