ಎಲೈಟ್ ಆಟದಲ್ಲಿ ಡಾಕಿಂಗ್: ಕೊನೆಗೂ ದಾರಿ ಸಿಕ್ಕಿತು

1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೊ ಕಂಪ್ಯೂಟರಿಗೆ ಬರೆದ ‘ಎಲೈಟ್’ ಎಂಬ ಬಾಹ್ಯಾಕಾಶ ವ್ಯಾಪಾರದ ಆಟವನ್ನು ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ (ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲಿ) ಆಡುತ್ತಿದ್ದೇನೆ. ಬರೀ 32 ಕೆಬಿ ಮೆಮೊರಿಯ ಯಂತ್ರದಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲೂ 256 ಲೋಕ! ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಲೇಸರ್ ಗುರಿ ಬೇಗ ಕೈಗೆ ಹತ್ತಿತು. ಆದರೆ ಗಿರಗಿರ ತಿರುಗುವ ಬಾಹ್ಯಾಕಾಶ ನಿಲ್ದಾಣದೊಳಗೆ ನೌಕೆಯನ್ನು ಒಯ್ಯಲು, ಅಂದರೆ ಡಾಕಿಂಗ್ ಮಾಡಲು, ಆಗುತ್ತಲೇ ಇರಲಿಲ್ಲ. ಎರಡು ವಾರ ಬರೀ ಡಿಕ್ಕಿ.

ತಪ್ಪು ಇದ್ದದ್ದು ನಾನು ಬರುವ ದಿಕ್ಕಿನಲ್ಲಿ. ನಿಲ್ದಾಣದ ಬಾಗಿಲು ಯಾವಾಗಲೂ ಗ್ರಹದ ಕಡೆಗೇ ಮುಖ ಮಾಡಿರುತ್ತದೆ. ನಾನು ಹಿಂದಿನಿಂದಲೋ ಪಕ್ಕದಿಂದಲೋ ನುಗ್ಗುತ್ತಿದ್ದೆ. ಈಗ ನಿಲ್ದಾಣವನ್ನು ದಾಟಿ ಗ್ರಹದತ್ತ ಸ್ವಲ್ಪ ದೂರ ಹೋಗಿ, ಅಲ್ಲಿಂದ ಪೂರ್ತಿ ಹಿಂದಕ್ಕೆ ತಿರುಗುತ್ತೇನೆ. ಟಪಾಲು ಡಬ್ಬಿಯ ಬಾಯಿಯಂಥ ಆ ಸೀಳು ನೇರ ಎದುರಿಗೇ ಕಾಣುತ್ತದೆ. ಅದನ್ನು ಪರದೆಯ ನಡುವೆ ಇಟ್ಟುಕೊಂಡು ವೇಗ ತಗ್ಗಿಸಬೇಕು. ಹತ್ತಿರ ಬಂದಮೇಲೆ ನೌಕೆಯನ್ನು ಉರುಳಿಸುವ ರೋಲ್ ಕೀಲಿಯನ್ನು ತಟ್ಟಿ ತಟ್ಟಿ, ಸೀಳು ಅಡ್ಡಡ್ಡ ನಿಂತಂತೆ ಕಾಣುವವರೆಗೆ ಅದರ ಜೊತೆಗೇ ಸುತ್ತಬೇಕು. ಕೀಲಿ ಒತ್ತಿಹಿಡಿದರೆ ಕೆಟ್ಟಿತು.

ಅಭ್ಯಾಸಕ್ಕೆ ಆಟ ಶುರುವಾಗುವ ಲೋಕವಾದ ಲಾವೆಯೇ ಒಳ್ಳೆಯದು. ನಿಲ್ದಾಣದಿಂದ ಹೊರಬಿದ್ದ ಕೂಡಲೇ ಗ್ರಹ ಎದುರಿಗಿರುತ್ತದೆ. ಕೊಂಚ ಮುಂದೆ ಹೋಗಿ ತಿರುಗಿದರೆ ಸಾಕು. ಹತ್ತು ಸಲ ಹೀಗೆ ಮಾಡಿದೆ.

ನಿನ್ನೆ ಆಹಾರ ತುಂಬಿಕೊಂಡು ಮತ್ತೊಂದು ಲೋಕವಾದ ಜಾವೊನ್ಸ್‌ಗೆ ಹೋದೆ. ಮೊದಲ ಪ್ರಯತ್ನದಲ್ಲೇ ಒಳಗೆ!