ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪಿಗೆ ಲಿಥಿಯಂ ಬ್ಯಾಟರಿ: ನನ್ನ ಅನುಭವ

"ತಮ್ಮಾ, ಈ ಹಸಿರು ಬಿಲ್ಲಿ ಏನ್ ಕಾಯ್ತೈತಿ? ತೆಗದ್ ಒಗಿ, ಡೈರೆಕ್ಟ್ ಕೊಡು." ಬ್ಯಾಟರಿಯ ಸೆಲ್‌ಗಳನ್ನು ಕಾಯುವ ಬಿಎಂಎಸ್ ಬೋರ್ಡ್ ತೋರಿಸಿದಾಗ ರಾಣೆಬೆನ್ನೂರು ಕಡೆಯ ಮೆಕ್ಯಾನಿಕ್ ಕಾಕಾ ಹೀಗಂದಿದ್ದರು. ಈಗ ಮೂರನೇ ಹಂಗಾಮು. ನಾನು ಕಟ್ಟಿದ ಸುಮಾರು ನಲವತ್ತು ಬ್ಯಾಟರಿ ಪ್ಯಾಕ್‌ಗಳಲ್ಲಿ ವಾಪಸ್ ಬಂದದ್ದು ಐದೋ ಆರೋ.

ಪಂಪಿನ ಜೊತೆ ಬರುವ 12 ವೋಲ್ಟ್ 8 ಆಂಪಿಯರ್-ಅವರ್ ಲೆಡ್ ಬ್ಯಾಟರಿ ನಮ್ಮ ಕಡೆ ಒಂದು ಹಂಗಾಮು ಬಾಳಿದರೆ ಪುಣ್ಯ. ಮಳೆಗಾಲ ಮುಗಿದ ಮೇಲೆ ಪಂಪು ಮೂಲೆ ಸೇರುತ್ತದೆ, ಯಾರೂ ಚಾರ್ಜ್ ಹಾಕಲ್ಲ. ಅದಕ್ಕೇ 32650 ಅಳತೆಯ ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಸೀರೀಸ್ ಹಾಕಿದೆ. ಎರಡು ಕೆಜಿ ದಾಟುತ್ತಿದ್ದ ತೂಕ ಮುಕ್ಕಾಲು ಕೆಜಿಗೆ ಇಳಿಯಿತು.

ಮೊದಲ ಪ್ಯಾಕಿನಲ್ಲೇ ಕೈ ಸುಟ್ಟುಕೊಂಡೆ. ಅರವತ್ತು ರೂಪಾಯಿ ಉಳಿಸೋಕೆ ಹೋಗಿ ಡಬ್ಬದಲ್ಲಿದ್ದ, ಲ್ಯಾಪ್‌ಟಾಪ್ ಬಗೆಯ ಲಿಥಿಯಂ ಅಯಾನ್ ಸೆಲ್ಲಿನ 4ಎಸ್ (ನಾಲ್ಕು ಸೆಲ್ ಸೀರೀಸ್) ಬೋರ್ಡನ್ನೇ ಹಾಕಿದೆ. ನಾಲ್ಕು ಸೆಲ್ ಅಂದರೆ ನಾಲ್ಕೇ ಅಲ್ವಾ ಅಂದುಕೊಂಡೆ. ಆ ಬೋರ್ಡ್ ಕಟ್ ಆಗೋದು ಸೆಲ್ಲಿಗೆ 4.25 ವೋಲ್ಟ್ ಆದಾಗ. ಎಲ್‌ಎಫ್‌ಪಿಗೆ 3.65 ಸಾಕು. ಚಾರ್ಜರ್ 14.6 ತೋರಿಸುತ್ತಾ ಸುಮ್ನೆ ಕೂತಿತ್ತು. ಒಳಗೆ ಮೂರು ಸೆಲ್ 3.45ರ ಹತ್ತಿರ, ನಾಲ್ಕನೆಯದು 4.2. ಮುಟ್ಟಿದರೆ ಬಿಸಿ ಚಹಾದ ಲೋಟ. ಸೆಲ್ ಹೋಯಿತು, ಇನ್ನೂರೈವತ್ತು ರೂಪಾಯಿ ಹೋಯಿತು.

ಸರಿಯಾದ ಬೋರ್ಡ್ ತರಿಸಿದೆ. ಈ ಸಲ ಬೇರೆ ತಕರಾರು. ಚಾರ್ಜ್ ಬೇಗ ಕಟ್ ಆಗೋದು, ನಾಲ್ಕು ಟ್ಯಾಂಕ್ ಹೊಡೆಯುವಷ್ಟರಲ್ಲಿ ಪಂಪು ನಿಲ್ಲೋದು. ಬೋರ್ಡ್ ಕೆಟ್ಟಿದೆ ಅಂತ ಎರಡು ಬದಲಿಸಿದೆ, ದಂಡ. ತಪ್ಪು ನನ್ನದೇ. ಸೆಲ್‌ಗಳನ್ನು ಸಮ ಮಾಡದೆ ಕಟ್ಟಿದ್ದೆ. ಒಂದು ಸೆಲ್ ತುಂಬಿದ ಕೂಡಲೇ ಬೋರ್ಡ್ ಬಾಗಿಲು ಹಾಕುತ್ತದೆ, ಉಳಿದ ಮೂರು ಅರೆಹೊಟ್ಟೆ. ಸೆಲ್ ಸಮ ಮಾಡೋಕೆ ಬೋರ್ಡಿನಲ್ಲೇ ಬ್ಯಾಲೆನ್ಸಿಂಗ್ ಇದೆಯಲ್ಲ ಅಂತೀರಾ? ಆ ಪುಟಾಣಿ ರೆಸಿಸ್ಟರ್ ಎಳೆಯೋದು 50 ಮಿಲಿ ಆಂಪಿಯರ್ ಆಸುಪಾಸು. ಅರ್ಧ ಆಂಪಿಯರ್-ಅವರ್ ವ್ಯತ್ಯಾಸ ಸರಿ ಆಗಲು ಹತ್ತು ತಾಸು ಬೇಕು. ರೈತರು ಪ್ಲಗ್ ಇಡೋದು ಮೂರು ತಾಸು, ಅದೂ ಕರೆಂಟ್ ಇದ್ದರೆ.

ಈಗ ನಾಲ್ಕೂ ಸೆಲ್ ಪ್ಯಾರಲಲ್ ಹಾಕಿ, 3.65ಕ್ಕೆ ಸಪ್ಲೈ ಇಟ್ಟು ರಾತ್ರಿಯಿಡೀ ಬಿಡ್ತೀನಿ. ಬೆಳಿಗ್ಗೆ ಸೆಲ್ಲಿಗೆ ಹರಿಯುವ ಕರೆಂಟ್ ಸೊನ್ನೆಯ ಹತ್ತಿರ ಇಳಿದಿದ್ದರೆ ಮಾತ್ರ ಸ್ಪಾಟ್ ವೆಲ್ಡರ್ ಹತ್ತಿರ ಹೋಗೋದು. ಈ ಒಂದು ರಾತ್ರಿ ಕಾದ ಮೇಲೆ ಹತ್ತು ಹನ್ನೆರಡು ಟ್ಯಾಂಕ್ ಬರತೊಡಗಿತು.

ಸೆಲ್ ಜೋಡಿಸುವ ನಿಕಲ್ ಪಟ್ಟಿಯಲ್ಲೂ ಮೋಸ ಹೋದೆ. ಗೀರಿ ಉಪ್ಪುನೀರಿನಲ್ಲಿಟ್ಟೆ, ಮರುದಿನ ಗೀರಿನ ಉದ್ದಕ್ಕೂ ಕೆಂಪು ತುಕ್ಕು. ಒಳಗೆ ಬರೀ ಕಬ್ಬಿಣ.

ಮೋಟಾರ್ ಶುರುವಾಗುವಾಗ 10 ಆಂಪಿಯರ್ ಬೋರ್ಡ್ ಟ್ರಿಪ್ ಆಗುತ್ತಿತ್ತು. 20ರದ್ದು ಹಾಕಿದರೂ ಕೆಲವು ಪಂಪುಗಳಲ್ಲಿ ಅದೇ ಗೋಳು. ಆಮೇಲೆ ಹತ್ತು ರೂಪಾಯಿಯ ಒಂದು ಸಾಮಾನು ವೈರಿನ ನಡುವೆ ಸೇರಿಸಿದೆ, ನಿಂತಿತು. ಯಾವುದು ಅಂತ ಕೇಳಬೇಡಿ, ಹೊಟ್ಟೆಪಾಡು.

ನಡುವೆ ಹಳೇ ಲ್ಯಾಪ್‌ಟಾಪ್ ಸೆಲ್ ಬಿಚ್ಚಿ ಅಪ್ಪನಿಗೆ ಟಾರ್ಚ್ ಕಟ್ಟಿದೆ, ಟಿಪಿ4056 ಚಾರ್ಜಿಂಗ್ ಬೋರ್ಡ್ ಹಾಕಿ. ಅದರಲ್ಲಿ ಸೆಲ್ ಕಾಯುವ ಡಿಡಬ್ಲ್ಯೂ01 ಐಸಿ 2.4 ವೋಲ್ಟಿಗೆ ಇಳಿಯುವವರೆಗೂ ಬಿಡುತ್ತದೆ. ಹಳೇ ಸೆಲ್ಲಿಗೆ ಅಷ್ಟು ಕೆಳಗೆ ಇಳಿಯೋದು ಜಾಸ್ತಿನೇ ಆಯಿತು. ಎರಡು ತಿಂಗಳಿಗೆ ಸೆಲ್ ಸತ್ತಿತು.

ಪಂಪಿನ ಒಂದು ಪ್ಯಾಕಿಗೆ ಒಟ್ಟು ಖರ್ಚು ಸಾವಿರದ ನಾನೂರು ಆಸುಪಾಸು. ಲೆಡ್ ಒಂಬೈನೂರಕ್ಕೆ ಸಿಗುತ್ತದೆ, ನಿಜ. ಆದರೆ ವರ್ಷಾ ವರ್ಷಾ.

ಹೋದ ತಿಂಗಳು ಕಾಕಾನೇ ಒಂದು ಪ್ಯಾಕ್ ಹಿಡಿದು ಬಂದರು. "ಸತ್ತೈತಿ ನೋಡು, ಸೊನ್ನೆ ವೋಲ್ಟ್!" ಚಾರ್ಜರ್ ಚುಚ್ಚಿದೆ, ಮೀಟರ್ 12ಕ್ಕೆ ಹಾರಿತು. ಪೂರಾ ಖಾಲಿಯಾದಾಗ ಬೋರ್ಡ್ ಕಟ್ ಮಾಡಿತ್ತು, ಅಷ್ಟೇ. ಕಾಕಾ ಏನೂ ಮಾತಾಡಲಿಲ್ಲ. ಇನ್ನೆರಡು ಪ್ಯಾಕಿಗೆ ಅಡ್ವಾನ್ಸ್ ಕೊಟ್ಟು ಹೋದರು.